ಜೀರಿಗೆ ಹೊಲದ ಕೆಳಗಿನ ಮೇಣ

ಕೊಳವೆಯನ್ನು ಎರಡು ಕಡೆ ಕೊಯ್ದು ನಡುವಿನ ತುಂಡನ್ನು ಪಕ್ಕಕ್ಕೆ ಸರಿಸಿದೆವು. ಒಳಗೆ ತುಂಬಿದ್ದ ಎಣ್ಣೆ ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ. ಕೊಳವೆಯ ಬಾಯಲ್ಲಿ ಕರ್ರಗೆ, ದುಂಡಗೆ, ಸುಮ್ಮನೆ ನಿಂತಿತ್ತು. ಚಿಮ್ಮಿದರೆ ಓಡಬೇಕೆಂದು ಒಂದು ಕಾಲು ಹಿಂದಿಟ್ಟುಕೊಂಡಿದ್ದ ನಾನು ಆ ಕಾಲನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತೆ. ಜೊತೆಯವರು ನಕ್ಕರು. ಒಬ್ಬ ಬೆರಳಿನಿಂದ ಒಂದು ಚೂರು ಕಿತ್ತು ನನ್ನ ಅಂಗೈ ಮೇಲಿಟ್ಟ. ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಅಂಗೈಯ ಬಿಸಿಗೆ ನಿಧಾನವಾಗಿ ಕರಗಿ ಬೆರಳ ಸಂದಿಯಲ್ಲಿ ಇಳಿಯಿತು.

ಉತ್ತರ ಗುಜರಾತಿನ ಮೆಹಸಾಣದ ಕಡೆ ಅದು ನನ್ನ ಮೊದಲ ಚಳಿಗಾಲ, ಎಪ್ಪತ್ತರ ದಶಕದ ನಡುವಿನ ಮಾತು. ಕಚ್ಚಾ ತೈಲ ಎಂದರೆ ನೀರಿನ ಹಾಗೆ ಚಿಮ್ಮಿ ಹರಿಯುವ ವಸ್ತು ಎಂದೇ ತಿಳಿದಿದ್ದೆ. ಈಗಲೂ ಊರಿಗೆ ಬಂದಾಗ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಕೇಳುವುದು ಅದನ್ನೇ. ಅಲ್ಲಿ ಬಾವಿಗೆ ಬಕೀಟು ಬಿಟ್ಟು ಎಣ್ಣೆ ಸೇದುತ್ತಾರಾ, ಬರುವಾಗ ಒಂದು ಡಬ್ಬಿ ತರಬಾರದಾ, ಸೀಮೆಎಣ್ಣೆ ಕ್ಯೂ ತಪ್ಪುತ್ತಿತ್ತು, ಎನ್ನುತ್ತಾರೆ. ಅವರಿಗೆ ಹೇಳಿ ಹೇಳಿ ಸಾಕಾಗಿದೆ. ಅಲ್ಲಿನ ಎಣ್ಣೆಯಲ್ಲಿ ಮೇಣವಿದೆ. ನೆಲದಾಳದ ಬಿಸಿಯಲ್ಲಿ ಅದು ಕರಗಿರುತ್ತದೆ. ಮೇಲೆ ಬಂದು ತಣ್ಣಗಿನ ಕೊಳವೆ ಸೇರಿತೋ ಇಲ್ಲವೋ ಗೋಡೆಗೆ ಅಂಟತೊಡಗುತ್ತದೆ. ಅಂಟಿದ್ದನ್ನು ಕೆರೆದು ತೆಗೆದು ದಾರಿ ಬಿಡಿಸುವುದೇ ನಮ್ಮ ಗ್ಯಾಂಗಿನ ಕೆಲಸ. ಹೇಳಲು ಒಂದು ಸಾಲು. ಮಾಡುತ್ತಾ ಮಾಡುತ್ತಾ ನನ್ನ ವಯಸ್ಸು ಅದರಲ್ಲೇ ಕರಗಿತು.

ನಾನು ಕುಕ್ಕುವಾಡದವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಮುಚ್ಚಿಡುವುದಿಲ್ಲ, ಅದಕ್ಕಾಗಿ ತಲೆ ತಗ್ಗಿಸುವುದೂ ಇಲ್ಲ. ದಾವಣಗೆರೆಯ ಲಾರಿ ಗ್ಯಾರೇಜಿನಲ್ಲಿ ಸ್ಪ್ಯಾನರ್ ಒರೆಸುವುದರಿಂದ ಶುರುಮಾಡಿ, ಹರಿಹರದಲ್ಲಿ ಬುಡನ್ ಸಾಬರ ಅಂಗಡಿಯಲ್ಲಿ ವೆಲ್ಡಿಂಗ್ ಕಲಿತೆ. ಬೆಸುಗೆಯ ಗೆರೆ ಸೊಟ್ಟಗಾದರೆ ಸಾಬರು ಬೈಯುತ್ತಿರಲಿಲ್ಲ. ಗ್ರೈಂಡರನ್ನು ಕೈಗೆ ಕೊಟ್ಟು, ಪೂರಾ ಅಳಿಸು, ಮತ್ತೆ ಮಾಡು ಎನ್ನುತ್ತಿದ್ದರು. ಅಲ್ಲಿಂದ ಈಚೆಗೆ ನಾನು ಹಾಕಿದ ಬೆಸುಗೆ ಬಿಟ್ಟುಕೊಂಡಿತೆಂದು ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. ಹರಿಹರದಲ್ಲಿದ್ದಾಗಲೇ ಮದುವೆಯಾಯಿತು. ಹೆಂಡತಿ ಗಿರಿಜಾ ನಂದಿಗುಡಿಯವಳು. ಮಗಳು ಸುಮಾ ತೊಟ್ಟಿಲಲ್ಲಿದ್ದಾಗ ಒಬ್ಬ ಕಂತ್ರಾಟುದಾರ ಗುಜರಾತಿನಲ್ಲಿ ಕೊಳವೆ ಜೋಡಿಸಲು ಜನ ಬೇಕೆಂದು ಕರೆದ. ಮುಗಿಸಿ ಬಂದುಬಿಡುತ್ತೇನೆ ಎಂದು ಹೋದೆ. ಜೋಡಿಸಿ ಮುಗಿದ ಮೇಲೆ ಆ ಕೊಳವೆಯನ್ನು ನೋಡಿಕೊಳ್ಳುವ ಗ್ಯಾಂಗಿನಲ್ಲಿ ಖಾಯಂ ಮಾಡಿದರು. ಖಾಯಂ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮಂಥವರು ಹಿಂದೆ ತಿರುಗಿ ನೋಡುವುದು ಕಷ್ಟ.

ಭಾಷೆಗೆ ನಾನು ಹೆದರಿರಲಿಲ್ಲ. ಬುಡನ್ ಸಾಬರ ಅಂಗಡಿಯ ಉರ್ದು ಕೈಯಲ್ಲಿತ್ತಲ್ಲ. ಮೊದಲ ದಿನ ಹೋಟೆಲಿನವನು ಇನ್ನೊಂದು ಚಹಾ ಬೇಕೇ ಎಂದಾಗ ಬೇಡವೆನ್ನಲು 'ನಕ್ಕೋ' ಎಂದೆ. ಕೂತವರೆಲ್ಲ ತಿರುಗಿ ನೋಡಿದರು. ನಮ್ಮ ಹರಿಹರದ ಬಜಾರಿನ ಉರ್ದು ಅಲ್ಲಿಯವರಿಗೆ ಯಾವ ಸೀಮೆಯದೋ ಮಾತು. ಮುಂದೆ ತಿಂಗಳುಗಟ್ಟಲೆ ನನ್ನನ್ನು ಕಂಡಾಗ ಹೋಟೆಲಿನವನು ತಾನೇ 'ನಕ್ಕೋ?' ಎಂದು ಕೇಳಿ ನಗುತ್ತಿದ್ದ. ಗುಜರಾತಿಯನ್ನು ಕಲಿತದ್ದು ಹೀಗೆ ನಗಿಸಿಕೊಂಡೇ. ಮೇಣಕ್ಕೆ ಅವರು 'ಮೀಣ್' ಅನ್ನುತ್ತಾರೆ. ಅಷ್ಟು ದೂರ ಬಂದರೂ ಕೈಗೆ ಅಂಟುವುದರ ಹೆಸರು ಹೆಚ್ಚು ಬದಲಾಗಿಲ್ಲವೆಂದು ಒಂದು ಸಮಾಧಾನ. ನಾಗರಾಜನಾಗಿದ್ದವನು ಅಲ್ಲಿ ನಾಗಜೀಭಾಯ್ ಆದೆ. ಕನ್ನಡ ಆಡಲು ಯಾರೂ ಇರಲಿಲ್ಲ. ಕೊಳವೆಯ ಗುಂಟ ಒಬ್ಬನೇ ನಡೆಯುವಾಗ ಅದಕ್ಕೇ ಕನ್ನಡದಲ್ಲಿ ಬೈಯುತ್ತಿದ್ದೆ. ಬೈದರೆ ಬಾಯಿ ಸ್ವಲ್ಪ ಹಗುರಾಗುತ್ತಿತ್ತು.

ಮೊದಲು ಇದ್ದದ್ದು ತಗಡಿನ ಶೆಡ್ಡಿನಲ್ಲಿ. ಬೇಸಿಗೆಯಲ್ಲಿ ಒಳಗೆ ಕಾಲಿಡುವಂತಿಲ್ಲ, ಚಳಿಯಲ್ಲಿ ಹೊರಗೆ ಕಾಲಿಡುವಂತಿಲ್ಲ. ದಾವಣಗೆರೆಯಲ್ಲಿ ಚಳಿ ಎಂದರೆ ಬೆಳಗ್ಗೆ ಒಂದು ಹೊತ್ತು ಮಫ್ಲರ್ ಸುತ್ತಿಕೊಂಡು ಮಂಡಕ್ಕಿ ಮೆಣಸಿನಕಾಯಿ ತಿನ್ನುವ ನೆಪ. ಅಲ್ಲಿಯದು ಹಾಗಲ್ಲ, ಕಬ್ಬಿಣ ಮುಟ್ಟಿದರೆ ಕೈ ಹಿಡಿದುಕೊಳ್ಳುವ ಚಳಿ. ಹೆಂಡತಿ ಮಗಳನ್ನು ಕರೆತರಬೇಕೆಂದು ಬಾಡಿಗೆ ಮನೆ ಹುಡುಕಿದೆ. ಹೋದಲ್ಲೆಲ್ಲ ಮೊದಲ ಪ್ರಶ್ನೆ 'ಕೇವಾ?' ಅಂದರೆ ಯಾವ ಜನ. ಲಿಂಗಾಯತ ಎಂದರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಜಾತಿಗೆ ಗೊತ್ತಿಲ್ಲದ ಬಾಡಿಗೆ, ಬಾಯಿಗೆ ಬಂದಷ್ಟು ಹೇಳುತ್ತಿದ್ದರು.

ಕೊನೆಗೆ ಜಾಗ ಕೊಟ್ಟವರು ರೇವಾ ಬಾ. 'ಬಾ' ಎಂದರೆ ಅಲ್ಲಿ ಅವ್ವ. ಅರವತ್ತರ ಆಸುಪಾಸಿನ ವಿಧವೆ, ಮಗ ಕನುಭಾಯ್ ಜೊತೆ ಒಕ್ಕಲುತನ ಮಾಡಿಕೊಂಡಿದ್ದ ಗಟ್ಟಿ ಹೆಂಗಸು. ನನ್ನ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಬಹಳ ಹೊತ್ತು ನೋಡಿ, ಅದು ನಶ್ಯದ ಡಬ್ಬಿಯಾದರೆ ತನಗೂ ಒಂದು ಚಿಟಿಕೆ ಕೊಡು ಎಂದರು. ಬಿಚ್ಚಿ ಲಿಂಗ ತೋರಿಸಿದೆ. ತಟ್ಟನೆ ಸೆರಗು ತಲೆ ಮೇಲೆ ಎಳೆದುಕೊಂಡು ಕೈಮುಗಿದರು. ಅಂಗಳದ ಪಕ್ಕದ ಎರಡು ಕೋಣೆ ಕೊಟ್ಟರು. ಕರಾರು ಒಂದೇ, ಎಣ್ಣೆ ಮೆತ್ತಿದ ಕಾಲಲ್ಲಿ ಅಂಗಳ ದಾಟಬಾರದು. ನಮ್ಮ ಕೊಳವೆ ಅವರ ಹೊಲದ ಅಡಿಯಲ್ಲೇ ಹಾದುಹೋಗುತ್ತಿತ್ತು. "ನಿನ್ನ ಎಣ್ಣೆ ಆಗಲೇ ನನ್ನ ಹೊಲದ ಕೆಳಗೆ ಬಾಡಿಗೆಗೆ ಐತಿ, ನೀನು ಮೇಲೆ ಇರು" ಎಂದು ಬಾ ನಕ್ಕರು. ನಮ್ಮ ಮಾತಿಗೆ ತಂದರೆ ಹೀಗೇ ಬರುತ್ತದೆ, ಹಳ್ಳಿ ಗುಜರಾತಿಗೂ ನಮ್ಮ ಕಡೆಯ ಮಾತಿಗೂ ದನಿ ಒಂದೇ.

ಊರಿಗೆ ಬಂದು ಮನೆ ಸಿಕ್ಕಿದೆ ಎಂದಾಗ ಗಿರಿಜಾ ಕೇಳಿದ್ದು ಅಲ್ಲಿ ಹೊಳೆ ಐತಾ ಎಂದು. ಇದೆ ಎಂದೆ. ಸುಳ್ಳಲ್ಲ, ರೂಪೇಣ ನದಿ ಇದೆ. ಬಂದ ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಉದ್ದಕ್ಕೂ ಮರಳು, ನಡುವೆ ಎರಡು ಕತ್ತೆ.

"ಇದನ್ನ ಹೊಳೆ ಅಂತಾರೇನ್ರಿ? ನಮ್ಮ ಹರಿಹರದ ಮೆಟ್ಲ ಮ್ಯಾಲೆ ಒಂದು ಸೀರೆ ಹಿಂಡಿದ್ರೆ ಇದಕ್ಕಿಂತ ಹೆಚ್ಚು ನೀರು ಬರ್ತೈತೆ" ಎಂದಳು.

ಆಕೆಯ ಸಂಕಟ ಶುರುವಾದದ್ದು ನೀರಿನಿಂದಲೇ. ಕೊಳವೆಬಾವಿಯ ನೀರು ಉಪ್ಪು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಕೂದಲು ಹುರಿಯಾಗುತ್ತದೆ. ಸಾರಿಗೆ ಅವರು ಬೆಲ್ಲ ಹಾಕುತ್ತಾರೆಂದು ಮೂಗು ಮುರಿದಳು. ನಮ್ಮ ಜೋಳದ ರೊಟ್ಟಿಯ ತಂಗಿಯಂತಿರುವ ಸಜ್ಜೆಯ 'ರೋಟ್ಲೊ' ಒಂದೇ ಆಕೆಗೆ ಒಗ್ಗಿದ್ದು. ಬಾ ಅದನ್ನು ಎರಡು ಅಂಗೈ ನಡುವೆ ತಟ್ಟುತ್ತಿದ್ದರು, ಈಕೆ ಮರದ ಹರಿವಾಣದಂಥ ಕೊಣಮಿಗೆಯಲ್ಲಿ ತಟ್ಟುತ್ತಿದ್ದಳು. ಯಾರದು ತೆಳು ಎಂದು ಇಬ್ಬರಿಗೂ ಒಳಗೊಳಗೇ ಪೈಪೋಟಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಬಾ ಗುಜರಾತಿಯಲ್ಲೇ, ಗಿರಿಜಾ ಕನ್ನಡದಲ್ಲೇ, ಗಟ್ಟಿಯಾಗಿ ಹೇಳಿದರೆ ತಿಳಿದೀತೆಂದು ಇಬ್ಬರೂ ಕೂಗಾಡುತ್ತಿದ್ದರು. ಆಚೆ ಮನೆಯವರು ಜಗಳವೆಂದು ಬಂದು ನೋಡಿದ್ದೂ ಉಂಟು.

ಆದರೂ ಅವಳಿಗೆ ಒಗ್ಗಲಿಲ್ಲ. ಬರುವಾಗಲೇ ನಮ್ಮಿಬ್ಬರಲ್ಲಿ ಒಪ್ಪಂದವಾಗಿತ್ತು. ಒಂದು ಚಳಿಗಾಲ ನೋಡುವುದು, ಮನಸ್ಸು ನಿಲ್ಲದಿದ್ದರೆ ಎಲ್ಲ ಬಿಟ್ಟು ಹರಿಹರಕ್ಕೆ ಹೋಗುವುದು. ಆಕೆಯ ಅಣ್ಣ ಹೊಳೆಯಾಚೆಯ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ. ಯುಗಾದಿಯೊಳಗೆ ಬಂದರೆ ತನ್ನ ಕೈಕೆಳಗೆ ಫಿಟರ್ ಕೆಲಸ ಕೊಡಿಸುವುದಾಗಿ ಮಾತು ಕೊಟ್ಟಿದ್ದ. ಗಿರಿಜಾ ಯುಗಾದಿಗೆ ಕಾಯುತ್ತಿದ್ದಳು. ನಾನು ಆಕೆ ಮನಸ್ಸು ಬದಲಿಸಲೆಂದು ಕಾಯುತ್ತಿದ್ದೆ. ಭಾವನ ಕೈಕೆಳಗೆ ನಿಲ್ಲುವುದು ನನಗೆ ಆಗದ ಮಾತು. ಇಲ್ಲಿ ನಾನು ಯಾರ ಶಿಫಾರಸೂ ಇಲ್ಲದೆ ಗ್ಯಾಂಗಿನ ಮಿಸ್ತ್ರಿಯಾಗಿದ್ದೆ. ಅಲ್ಲಿ ಇಂಥವನ ತಂಗಿಯ ಗಂಡ ಆಗಬೇಕಿತ್ತು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು.

ಆ ಚಳಿಗಾಲದಲ್ಲಿ ಏನಾಯಿತೆಂದು ಹೇಳಲು ನಮ್ಮ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಕೊಳವೆಯ ಮೇಣ ಕೆರೆಯಲು ಒಳಗೆ 'ಪಿಗ್ಗು' ಬಿಡುತ್ತೇವೆ. ಹಂದಿ ಎಂದೇ ಅದರ ಅರ್ಥ, ಹೋಗುವಾಗ ಹಾಗೆ ಅರಚುತ್ತದೆಂದು ಹೇಳುತ್ತಾರೆ. ಕಬ್ಬಿಣದ ಗೂಟಕ್ಕೆ ಎರಡು ತುದಿಯಲ್ಲಿ ರಬ್ಬರಿನ ಬಟ್ಟಲು, ಸುತ್ತ ತಂತಿಯ ಬ್ರಷ್ಷು. ಹಿಂದಿನ ಎಣ್ಣೆಯ ಒತ್ತಡ ಅದನ್ನು ತಳ್ಳುತ್ತದೆ, ಅದು ಗೋಡೆಯ ಮೇಣವನ್ನು ಕೆರೆದು ಮುಂದಕ್ಕೆ ನೂಕಿಕೊಂಡು ಹೋಗುತ್ತದೆ. ನಾವು ನೆಲದ ಮೇಲೆ ಅದರ ಜೊತೆಗೇ ನಡೆಯುತ್ತೇವೆ. ಅಲ್ಲಲ್ಲಿ ಸಲಾಕೆಯನ್ನು ಮಣ್ಣಿಗೆ ಇಳಿಸಿ ಕೊಳವೆಗೆ ತಾಗಿಸಿ ಮೇಲಿನ ತುದಿಗೆ ಕಿವಿ ಇಡುತ್ತೇವೆ. ಬರುತ್ತಿದ್ದರೆ ಗೊತ್ತಾಗುತ್ತದೆ, ಹೋದದ್ದೂ ಗೊತ್ತಾಗುತ್ತದೆ.

ಆ ವರ್ಷ ಪಿಗ್ಗು ಬಿಡುವ ಬಾಗಿಲು ಕೆಟ್ಟು ರಿಪೇರಿಗೆ ಬಿತ್ತು. ಮುಖರ್ಜಿ ಸಾಹೇಬರು, ಅಂದರೆ ನಮ್ಮ ಇಂಜಿನಿಯರು, ರಜೆಯ ಮೇಲೆ ಕಲಕತ್ತೆಗೆ ಹೋಗಿದ್ದರು. ಮೊದಮೊದಲು ಒತ್ತಡ ಏರುತ್ತಾ ಹೋಯಿತು, ಮೇಣ ಕಟ್ಟುತ್ತಿದೆ ಎಂದು ಭಯವಾಯಿತು. ಆಮೇಲೆ ಒತ್ತಡ ತೋರಿಸುವ ಗಡಿಯಾರದ ಮುಳ್ಳು ಒಂದು ಕಡೆ ನಿಂತುಬಿಟ್ಟಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಇನ್ನು ಮೇಣ ಬೆಳೆಯುತ್ತಿಲ್ಲವೆಂದು ಗ್ಯಾಂಗಿನವರು, ಕಂಟ್ರೋಲ್ ರೂಮಿನವರು ಎಲ್ಲರೂ ಒಂದೇ ಬಾಯಲ್ಲಿ ಹೇಳಿದೆವು. ಬಾಗಿಲು ರಿಪೇರಿಯಾಗಿ ಬಂದಾಗ ಉತ್ತರಾಯಣ ಹತ್ತಿರವಿತ್ತು. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚಿ ಹೊಳೆಗೆ ಹೋಗಿ ಬಂದರೆ ಮುಗಿಯಿತು. ಅಲ್ಲಿ ಇಡೀ ಸೀಮೆ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತದೆ, ಹಬ್ಬದ ಮರುದಿನವೂ ಬಾಸಿ, ಅಂದರೆ ತಂಗಳು, ಹಬ್ಬವೆಂದು ಕೆಳಗೆ ಇಳಿಯುವುದಿಲ್ಲ. ಮುಳ್ಳು ನಿಂತೇ ಇದೆಯಲ್ಲ, ಹಬ್ಬ ಕಳೆಯಲಿ, ಆಮೇಲೆ ಬಿಟ್ಟರಾಯಿತು ಎಂದುಕೊಂಡೆವು.

ಹಬ್ಬ ಕಳೆದ ಮೇಲೆ ಬಿಟ್ಟೆವು. ಪಿಗ್ಗು ಸ್ವಲ್ಪ ದೂರ ಅರಚುತ್ತಾ ಬಂತು. ರೇವಾ ಬಾ ಅವರ ಹೊಲದ ಬದು ದಾಟಿದ ಮೇಲೆ ದನಿ ಮಂದವಾಯಿತು. ಹೊಲದ ನಟ್ಟನಡುವೆ ನಿಂತು ಸಲಾಕೆಗೆ ಕಿವಿ ಇಟ್ಟೆ. ಏನೂ ಇಲ್ಲ. ಮುಂದಿನ ಜಾಗಕ್ಕೆ ಹೋಗಿ ಕೇಳಿದೆ, ಅಲ್ಲೂ ಇಲ್ಲ. ಸುತ್ತಲೂ ಜೀರಿಗೆ ಮೊಣಕಾಲೆತ್ತರ ಬಂದು ಹೂ ಬಿಟ್ಟಿತ್ತು. ಜೀರಿಗೆ ಬಹಳ ನಾಜೂಕಿನ ಬೆಳೆ, ಒಂದು ದಿನ ಮೋಡ ಕವಿದರೆ ಕರಗಿಹೋಗುತ್ತದೆ. ಅಲ್ಲಿಯವರು ಆ ಹೊಲದೊಳಗೆ ಚಪ್ಪಲಿ ಹಾಕಿಕೊಂಡು ನಡೆಯುವುದಿಲ್ಲ. ನಾನೂ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದೆ.

ಮುಖರ್ಜಿ ಸಾಹೇಬರು ಆ ಹೊತ್ತಿಗೆ ಹಿಂತಿರುಗಿದ್ದರು. ಹಿಂದಿನಿಂದ ಒತ್ತಡ ಹೆಚ್ಚಿಸಿ ನೋಡಿದರು, ಮುಂದಿನಿಂದ ತಿರುಗಿ ತಳ್ಳಿ ನೋಡಿದರು. ಅಲುಗಲಿಲ್ಲ. ಇನ್ನೂ ಒತ್ತಿದರೆ ಕೊಳವೆ ಒಡೆಯುತ್ತದೆ, ಸುಮ್ಮನೆ ಬಿಟ್ಟರೆ ಉದ್ದಕ್ಕೂ ಎಣ್ಣೆ ಹೆಪ್ಪುಗಟ್ಟಿ ಲೈನೇ ಸತ್ತುಹೋಗುತ್ತದೆ. ಅಗೆದು ಕೊಯ್ಯುವುದೊಂದೇ ದಾರಿ. ಬೆಳಗಿನ ಚಳಿಯಲ್ಲೇ ಕೊಯ್ಯೋಣ, ಎಣ್ಣೆ ತಾನಾಗಿ ನಿಂತಿರುತ್ತದೆ, ಹೊಲಕ್ಕೆ ಹರಿಯುವುದಿಲ್ಲ ಎಂದು ಅವರೇ ಹೇಳಿದರು. ಒಳ್ಳೆಯ ಮನುಷ್ಯ. ನನ್ನ ಕಡೆ ನೋಡಿ, ಇದು ನಿನ್ನ ಮನೆಯವರ ಹೊಲವಲ್ಲವೇ ಎಂದೂ ಕೇಳಿದರು. ಬೇರೆಯವನನ್ನು ಹಾಕಲೇ ಎಂಬ ಅರ್ಥದಲ್ಲಿ. ನಾನೇ ಮಾಡುತ್ತೇನೆ ಎಂದೆ. ಬೇರೆ ಯಾರ ಕೈಗಾದರೂ ಕೊಟ್ಟರೆ ಗುಂಡಿ ಇನ್ನೂ ಎರಡಾಳು ಅಗಲವಾಗುತ್ತಿತ್ತು.

ಅಗೆಯುವ ಹಿಂದಿನ ಸಂಜೆ ರೇವಾ ಬಾಗೆ ನಾನೇ ಹೋಗಿ ಹೇಳಿದೆ. ಬಾ ಸಜ್ಜೆ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಎಷ್ಟು ಅಗಲ ಎಂದರು. ಕೈ ಚಾಚಿ ತೋರಿಸಿದೆ. ತಲೆಯಾಡಿಸಿ ಮತ್ತೆ ಜರಡಿ ಹಿಡಿದರು.

ಬೆಳಕು ಹರಿಯುವಾಗ ಅಗೆತ ಶುರು. ಎಣ್ಣೆಯ ಕೊಳವೆಗೆ ಬೆಂಕಿ ತೋರಿಸುವಂತಿಲ್ಲ, ಕೈಯಿಂದ ತಿರುಗಿಸುವ ಕಟ್ಟರಿನಲ್ಲೇ ಕೊಯ್ಯಬೇಕು. ಕೊಯ್ದು ತುಂಡು ಎತ್ತಿದೆವು. ಸಾಹೇಬರು ಹೇಳಿದ ಹಾಗೇ ಎಣ್ಣೆ ನಿಂತಿತ್ತು. ಆದರೆ ಒಳಗಿನ ಮೇಣ ಬೇರೆಯೇ ಆಗಿತ್ತು. ಮೊದಲ ವರ್ಷ ನಾನು ಅಂಗೈಯಲ್ಲಿ ಕರಗಿಸಿದ ಮೇಣವಲ್ಲ ಅದು. ಗೋಡೆಯ ಕಡೆ ಕಂದು ಬಣ್ಣಕ್ಕೆ ತಿರುಗಿ ಉಳಿ ಹೊಡೆದರೆ ಉಳಿಯೇ ಪುಟಿಯುವಷ್ಟು ಗಟ್ಟಿ. ಒಳಗೆ ಒಳಗೆ ಬಂದಂತೆ ಮೆತ್ತಗೆ. ಸಾಹೇಬರು ಗುಂಡಿಗೆ ಇಳಿದು ಒಂದು ಹೋಳು ಎತ್ತಿ ಹೆಬ್ಬೆರಳಿನಿಂದ ಒತ್ತಿದರು, ನನ್ನ ಕೈಗೂ ಕೊಟ್ಟು ಒತ್ತಿಸಿದರು. ಹೊಸ ಮೇಣದ ಹೊಟ್ಟೆಯಲ್ಲಿ ಎಣ್ಣೆಯೇ ಹೆಚ್ಚಿರುತ್ತದೆ, ನೆನೆದ ಸ್ಪಂಜಿನ ಹಾಗೆ. ದಿನ ಕಳೆದಂತೆ ಎಣ್ಣೆ ಹೊರಗೆ ಜಾರಿ ಅದರ ಜಾಗಕ್ಕೆ ಇನ್ನಷ್ಟು ಮೇಣ ಬಂದು ಕೂರುತ್ತದೆ. ದಪ್ಪಗಾಗುವುದು ನಿಂತ ಮೇಲೂ ಗಟ್ಟಿಯಾಗುವುದು ನಿಲ್ಲುವುದಿಲ್ಲ, ಮೇಣಕ್ಕೂ ವಯಸ್ಸಾಗುತ್ತದೆ ಎಂದು ಹಿಂದಿಯಲ್ಲಿ ವಿವರಿಸಿದರು. ಮುಳ್ಳು ನಿಂತದ್ದನ್ನು ಕಂಡು ನಾವೆಲ್ಲ ಖುಷಿಪಟ್ಟಿದ್ದೆವಲ್ಲ, ಒಳಗೆ ನಡೆದದ್ದು ಇದು.

ಪಿಗ್ಗು ಆ ಗಟ್ಟಿ ಮೇಣದ ಹಿಂದೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಚುಚ್ಚಿ, ಕೆತ್ತಿ, ಸರಪಳಿ ಕಟ್ಟಿ ಎಳೆಯುವುದರಲ್ಲಿ ಬಿಸಿಲೇರಿತು. ಎಳೆದಾಗ ಬಂತು. ಅದರ ಹಿಂದೆಯೇ ಎಲ್ಲೋ ಉಳಿದಿದ್ದ ಒತ್ತಡವೂ ಬಂತು. ಕರ್ರಗಿನ ಗಂಜಿಯಂಥದ್ದು ಗುಂಡಿ ತುಂಬಿ, ದಂಡೆ ಮೀರಿ, ಜೀರಿಗೆಯ ಸಾಲುಗಳ ನಡುವೆ ಹರಿಯಿತು. ಓಡಿ ಮಣ್ಣು ಅಡ್ಡ ಹಾಕಿದೆವು. ಅಷ್ಟರಲ್ಲಿ ಕೊಳವೆಯ ಗುಂಟ ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಪಟ್ಟಿ ಎಳೆದ ಹಾಗೆ ಹೂವೆಲ್ಲ ಕಪ್ಪಾಗಿತ್ತು. ಬೆಂಕಿ ಎಣ್ಣೆಗೆ ತಾಗದ ಹಾಗೆ ಕೊಳವೆಯ ಎರಡೂ ಬಾಯಿಗೆ ಒಳಗಡೆ ಜೇಡಿಮಣ್ಣು ಮೆತ್ತಿ ಹೊಸ ತುಂಡು ಕೂರಿಸಿ ಬೆಸುಗೆ ಹಾಕಿದೆ. ಆ ಬೆಸುಗೆ ಇವತ್ತಿಗೂ ಗಟ್ಟಿಯಾಗಿದೆ.

ಕನುಭಾಯ್ ಬದುವಿನ ಮೇಲೆ ಕೂತು ಎಲ್ಲ ನೋಡಿದ. ನಾನು ಮೇಲೆ ಬಂದಾಗ, "ನಾಗಜೀಭಾಯ್, ನಮ್ಮ ಅಂಗಳಕ್ಕೆ ಎಣ್ಣೆ ಕಾಲು ಬ್ಯಾಡ ಅಂದಿದ್ದಕ್ಕೆ ಹೊಲಕ್ಕೇ ತಂದು ಸುರಿದ್ರಿ" ಎಂದ. ಜಗಳದ ದನಿಯಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ಹೇಳಿದ. ಪರಿಹಾರ ಕಂಪನಿಯಿಂದ ಬಂತು, ನ್ಯಾಯವಾಗಿಯೇ ಬಂತು. ಆದರೆ ಬಾ ನಮ್ಮ ಕೋಣೆಯ ಕಡೆ ಬರುವುದು ನಿಂತಿತು. ದಿನಾ ಅವರ ಮನೆಯಿಂದ ಬರುತ್ತಿದ್ದ ಮಜ್ಜಿಗೆಯೂ ನಿಂತಿತು. ಗಿರಿಜಾ ರೊಟ್ಟಿ ತಟ್ಟುವ ಸಪ್ಪಳ ಒಂದೇ ಕೇಳುತ್ತಿತ್ತು.

ಆ ಮೌನ ತಡೆಯಲು ನನ್ನಿಂದ ಆಗಲಿಲ್ಲ. ಭಾವನ ಕೈಕೆಳಗಾದರೂ ಸರಿ ಎನ್ನಿಸಿತು. ಒಂದು ಬೆಳಗ್ಗೆ ಗಿರಿಜಾಗೆ ಹೇಳಿದ್ದು ನೆನಪಿದೆ.

"ಸಾಮಾನು ಕಟ್ಟು. ನೀನು ಗೆದ್ದೆ. ಯುಗಾದಿ ಹರಿಹರದಾಗೆ ಮಾಡನ."

ಅವಳು ಒಲೆಯ ಮುಂದಿನಿಂದ ಎದ್ದು ಬಂದಳು. ಮುಖದಲ್ಲಿ ಖುಷಿ ಇರಲಿಲ್ಲ.

"ನಾ ಅತ್ತು ಕರೆದು ಕೇಳ್ದಾಗ ಒಲ್ಲೆ ಅಂದ್ರಿ. ಈಗ ಆಯಮ್ಮನ ಹೊಲ ಕೆಡಿಸಿ ಹೊಂಟು ನಿಂತೀರಲ್ರಿ."

"ಪರಿಹಾರ ಕೊಟ್ಟಾರಲ್ಲ."

"ರೊಕ್ಕ ಬಿತ್ತಿದ್ರೆ ಜೀರಿಗೆ ಹುಟ್ತೈತಾ? ಆ ಪಟ್ಟಿಯಾಗ ಮತ್ತೆ ಜೀರಿಗೆ ಬರ್ಲಿ. ನಾ ಕಣ್ಣಾರೆ ನೋಡ್ಬೇಕು. ಅಲ್ಲೀತನಕ ನೀವು ಬೇಕಾದ್ರೆ ಹೋಗ್ರಿ, ನಾ ಬರಾಕಿಲ್ಲ."

"ಯುಗಾದಿ ದಾಟಿದ್ರೆ ನಿಮ್ಮಣ್ಣ ಬ್ಯಾರೆಯವ್ರಿಗೆ ಕೊಡ್ತಾನ."

"ಕೊಡ್ಲಿ ಬಿಡ್ರಿ."

ಹೊಳೆಗಾಗಿ ಕಣ್ಣೀರು ಹಾಕಿದವಳು ಇವಳೇನಾ ಎಂದು ನೋಡುತ್ತಾ ನಿಂತೆ. ಅವಳು ಒಕ್ಕಲು ಮನೆಯ ಮಗಳು ಎಂಬುದನ್ನು ನಾನು ಮರೆತಿದ್ದೆ. ನಾನೂ ಒಕ್ಕಲು ಮನೆಯವನೇ, ಕಬ್ಬಿಣ ಹಿಡಿದ ಮೇಲೆ ಅದು ನನ್ನಿಂದ ಹೋಗಿತ್ತು.

ಅವತ್ತಿನಿಂದ ಅಡಿಗೆ ಮುಗಿಸಿ ಸುಮಾಳನ್ನು ಕಂಕುಳಲ್ಲಿ ಎತ್ತಿಕೊಂಡು ಪುಟ್ಟಿ ಹಿಡಿದು ಹೊಲಕ್ಕೆ ಹೋದಳು. ಬೆಳಗಿನ ಚಳಿಯಲ್ಲಿ ಚೆಲ್ಲಿದ ಎಣ್ಣೆ ಹೆಪ್ಪಾಗಿ ಮಣ್ಣಿನ ಹೆಂಟೆಗಳಿಗೆ ಅಂಟಿರುತ್ತದೆ, ಆಗ ಅದನ್ನು ಆಯಬಹುದು. ಬಿಸಿಲು ಬಂದರೆ ಕರಗಿ ಇನ್ನೂ ಕೆಳಗಿಳಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಲಿಲ್ಲ, ಒಂದು ದಿನ ನೋಡಿ ತಿಳಿದುಕೊಂಡಳು. ಒಂದೊಂದೇ ಹೆಂಟೆ ಆರಿಸಿ ಪುಟ್ಟಿಗೆ ಹಾಕಿ ರಸ್ತೆಯ ಬದಿಯ ಕಂಪನಿ ಗುಂಡಿಗೆ ಸುರಿದು ಬರುತ್ತಿದ್ದಳು. ರಜೆಯ ದಿನ ನಾನೂ ಹೋದೆ. ಕನುಭಾಯ್ ನೋಡಿದರೂ ನೋಡದ ಹಾಗೆ ಎತ್ತು ಹೊಡೆದುಕೊಂಡು ಹೋದ. ಕೆಲವು ದಿನಗಳ ಮೇಲೆ ರೇವಾ ಬಾ ತಮ್ಮ ಪುಟ್ಟಿ ತಂದು ಗಿರಿಜಾಳ ಎದುರು ಸಾಲಿನಲ್ಲಿ ಕೂತರು. ಆಕೆ ಆರಿಸಿದ್ದರಲ್ಲಿ ಒಂದು ಹೆಂಟೆ ಎತ್ತಿ, ಇದರಲ್ಲಿ ಎಣ್ಣೆ ಇಲ್ಲ, ಒಳ್ಳೆ ಮಣ್ಣನ್ನೂ ಹೊತ್ತುಹಾಕುತ್ತೀಯಲ್ಲ ಎಂದು ಬೈದರು. ಗಿರಿಜಾ ಕನ್ನಡದಲ್ಲಿ ಏನೋ ತಿರುಗಿಸಿ ಹೇಳಿದಳು. ಅವತ್ತು ಮಜ್ಜಿಗೆ ಬಂತು.

ಮಳೆಗಾಲಕ್ಕೆ ಆ ಪಟ್ಟಿಗೆ ಗೊಬ್ಬರ ಹೇರಿದೆವು. ಚಳಿಗಾಲಕ್ಕೆ ಬಾ ಉಳಿದ ಹೊಲದ ಜೊತೆ ಅಲ್ಲೂ ಜೀರಿಗೆ ಬಿತ್ತಿದರು. ಒಂದೂ ಏಳಲಿಲ್ಲ. ನೀರು ಹಾಯಿಸಿದರೆ ಮಣ್ಣು ಕುಡಿಯದೆ ತಾವರೆ ಎಲೆಯ ಮೇಲಿನ ಹಾಗೆ ಹನಿಹನಿಯಾಗಿ ಉರುಳುತ್ತಿತ್ತು. ಮರುವರ್ಷ ಔಡಲ, ಅಂದರೆ ಹರಳಿನ ಗಿಡ, ಹಾಕಿದರು. ಔಡಲ ಎಲ್ಲಿ ಬೇಕಾದರೂ ಬರುತ್ತದೆ, ಬಂತು. ಗಿರಿಜಾ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಾನು ಹೇಳಿದ್ದು ಜೀರಿಗೆ ಎಂದಳು.

ಅಷ್ಟರಲ್ಲಿ ಭಾವ ಆ ಕೆಲಸವನ್ನು ಮಲೆಬೆನ್ನೂರಿನ ಒಬ್ಬ ಹುಡುಗನಿಗೆ ಕೊಡಿಸಿದ. ಸುಮಾ ಬಾಲಮಂದಿರಕ್ಕೆ ಸೇರಿ ಗುಜರಾತಿ ಅಕ್ಷರ ತಿದ್ದತೊಡಗಿದಳು. ತಲೆಗೆರೆ ಇಲ್ಲದ ಹಿಂದಿಯಂಥ ಅಕ್ಷರ, ನನಗೆ ಅಂಗಡಿಯ ಬೋರ್ಡು ಓದುವಷ್ಟು ಬರುತ್ತದೆ. ಊರಿಗೆ ರಜೆಗೆ ಬಂದಾಗ ಅಜ್ಜಿಯನ್ನು ಅವಳು 'ಬಾ' ಎಂದು ಕರೆದಳು, ಮೊಮ್ಮಗಳು ಹತ್ತಿರ ಕರೆಯುತ್ತಿದ್ದಾಳೆಂದು ಅಜ್ಜಿ ಎದ್ದು ಹೋದರು. ಹರಿಹರದಲ್ಲಿ ಎದುರಾದವರೆಲ್ಲ ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ, ಯಾವಾಗ ಬಂದ್ರಿ, ಯಾವಾಗ ಹೊಂಟ್ರಿ. ಉತ್ತರ ಕೊಡುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಾರೆ. ಬುಡನ್ ಸಾಬರ ಅಂಗಡಿಯಲ್ಲಿ ನನ್ನ ಜಾಗದಲ್ಲಿ ಬೇರೆಯವರು ವೆಲ್ಡಿಂಗ್ ಮುಖವಾಡ ಹಿಡಿದು ಕೂತಿದ್ದರು. ಸಾಬರು ಮಾತ್ರ ಸ್ಟೂಲು ಸರಿಸಿ, "ಕೂಡ್ರಿ ಮಿಸ್ತ್ರಿ" ಎಂದರು. ಅದಕ್ಕೆ ಮೊದಲು ನನ್ನನ್ನು 'ಲೇ ನಾಗ್ಯಾ' ಎನ್ನುತ್ತಿದ್ದವರು. ಆ ಗೌರವದಿಂದ ಸಂತೋಷವಾಗಬೇಕಿತ್ತು, ಯಾಕೋ ಹೊರಗಿನವನನ್ನು ಕೂರಿಸಿದ ಹಾಗಾಯಿತು. ಹೊಳೆಯ ನೀರಿನ ಸಾರು ಉಂಡು ಗಿರಿಜಾ, ಇದಕ್ಕೆ ಒಂಚೂರು ಬೆಲ್ಲ ಬೇಕಿತ್ತು ಎಂದಳು. ಅವರವ್ವ ನಕ್ಕರು, ಅವಳು ನಗಲಿಲ್ಲ.

ಇತ್ತ ಮೆಹಸಾಣದಲ್ಲೂ ನಾನು ಅಲ್ಲಿಯವನಲ್ಲ. ಎಷ್ಟು ವರ್ಷವಾದರೂ ಹೊಸ ಅಂಗಡಿಯವನು ನಾನು ಬಾಯಿ ಬಿಟ್ಟ ಕೂಡಲೇ ನಿಮ್ಮ ಕಡೆ ಯಾವುದು ಎನ್ನುತ್ತಾನೆ. ಸುಮಾಳನ್ನು ಮಾತ್ರ ಕೇಳುವುದಿಲ್ಲ.

ಔಡಲ ಹಾಕಿದ ಮುಂದಿನ ಚಳಿಗಾಲ ಬಾ ಆ ಪಟ್ಟಿಯಲ್ಲಿ ಮತ್ತೆ ಜೀರಿಗೆ ಬಿತ್ತಿದರು. ನಾನು ನೋಡಲು ಹೋಗಲಿಲ್ಲ, ಒಮ್ಮೆ ಬರಿದಾದದ್ದು ನೋಡಿ ಸಾಕಾಗಿತ್ತು. ಗಿರಿಜಾ ದಿನಾ ಹೋಗುತ್ತಿದ್ದಳು. ಒಂದು ಭಾನುವಾರ ನನ್ನನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದಳು. ಬಾ, ಕನುಭಾಯ್ ಆಗಲೇ ಬದುವಿನ ಮೇಲೆ ನಿಂತಿದ್ದರು. ಹೊಲದ ಉದ್ದಕ್ಕೂ ಜೀರಿಗೆ ಕೂದಲೆಳೆಯಂತೆ ಎದ್ದಿತ್ತು. ಪಟ್ಟಿಯಲ್ಲಿ ಉಳಿದ ಕಡೆಗಿಂತ ಒಂದು ಬೆರಳು ಗಿಡ್ಡ, ಬಣ್ಣ ಸ್ವಲ್ಪ ಮಾಸಲು. ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಕನುಭಾಯ್ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಇನ್ನು ಮೇಲೆ ಪಿಗ್ಗು ಹಬ್ಬಕ್ಕೆ ಮೊದಲೇ ಬಿಡು ಮಾರಾಯ ಎಂದ. ಬಾ ಗಿರಿಜಾಳ ಕೈ ಹಿಡಿದು, ನಿನ್ನ ಮಾತು ನಡೆಯಿತಲ್ಲ, ಇನ್ನು ಹೋಗಬಹುದು ಎಂದರು. ನಗುತ್ತಾ ಹೇಳಿದರು, ಆದರೆ ಕೈ ಬಿಡಲಿಲ್ಲ. ಗಿರಿಜಾ ಬಗ್ಗಿ ಸಾಲಿನೊಳಗಿನ ಒಂದು ಕಳೆ ಕಿತ್ತಳು.

ಹಿಂತಿರುಗಿ ಬರುವಾಗ ನನಗೆ ಬಹಳ ಆಯಾಸವಾಗಿತ್ತು. ಲೈನಿನ ಕೆಲಸದ ಆಯಾಸವಲ್ಲ, ಬಹಳ ಕಾಲ ಬಿಗಿಹಿಡಿದದ್ದು ಸಡಿಲವಾದಾಗ ಬರುವಂಥದ್ದು. ಭಾವನ ಕಾರ್ಖಾನೆ ಇಲ್ಲದಿದ್ದರೇನು, ಬುಡನ್ ಸಾಬರ ಪಕ್ಕದಲ್ಲೇ ಒಂದು ಅಂಗಡಿ ಹಾಕಬಹುದು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾ ನಡೆದೆ. ಊರ ಬಾಗಿಲ ಹತ್ತಿರ ಬಂದಾಗ ಕೇಳಿದೆ.

"ನಿನ್ನ ಜೀರಿಗೆ ಬಂತಲ್ಲ. ಹೋಗನ?"

"ಎಲ್ಲಿಗೆ?" ಎಂದಳು.

ಅಣಕಿಸಿ ಕೇಳಲಿಲ್ಲ. ನಿಜವಾಗಿ ಕೇಳಿದಳು.

"ಹರಿಹರಕ್ಕೆ."

"ಓ, ಹೋಗನ್ರಿ. ಸುಮಾಗೆ ಮೇ ತಿಂಗ್ಳಾಗ ರಜಾ ಬಿಡ್ತಾರಲ್ಲ, ಆವಾಗ" ಎಂದು ಹೇಳಿ, ಜೊತೆಗೆ ಬರುತ್ತಿದ್ದ ಬಾ ಹಿಂದೆ ಉಳಿದರೆಂದು ರಸ್ತೆಯ ಬದಿಯಲ್ಲಿ ನಿಂತು ಅವರಿಗಾಗಿ ಕಾದಳು.